ಪ್ರೇಮಲತಾ ಇಳಿಸಿದ ಎಂಟು ಜನ

ಶೆಟ್ಟಿಹಳ್ಳಿಯ ಸುರಗಿ ನರ್ಸಿಂಗ್ ಹೋಮಿನಲ್ಲಿ ಸ್ನಾನದ ನೀರು ನಲವತ್ತು ಡಿಗ್ರಿ ದಾಟುವುದಿಲ್ಲ. ದಿನಾ ಬೆಳಗ್ಗೆ ಆರೂವರೆಗೆ ಪ್ರೇಮಲತಾ ಬಕೆಟ್ಟಿಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿ, ಬಚ್ಚಲುಮನೆ ಬಾಗಿಲಿಗೆ ತೂಗುಹಾಕಿದ ಹಾಳೆಯಲ್ಲಿ ಅಂಕಿ ಬರೆಯುತ್ತಾರೆ. ವಯಸ್ಸಾದವರ ಚರ್ಮ ತೆಳು, ಸುಡುತ್ತಿದೆ ಅನ್ನುವುದು ತಡವಾಗಿ ಗೊತ್ತಾಗುತ್ತದೆ ಎಂಬುದು ಅದಕ್ಕೆ ಕಾರಣ. ನೀರು ಇನ್ನೂ ಸ್ವಲ್ಪ ಬಿಸಿ ಇರಲಿ ಎಂದು ಜಗಳ ಮಾಡುವವರು ಅಲ್ಲಿ ಹತ್ತು ಜನರಾದರೂ ಇದ್ದಾರೆ. ಹಾಳೆಯಲ್ಲಿ ಮಾತ್ರ ನಲವತ್ತೊಂದು ಎಂಬ ಅಂಕಿ ಸಿಗುವುದಿಲ್ಲ.

ಪ್ರೇಮಲತಾ ಅವರಿಗೆ ಈಗ ನಲವತ್ತಾರು. ಹುಟ್ಟಿದ್ದು ಕುಣಿಗಲ್ ಹತ್ತಿರದ ಹಳ್ಳಿ. ಪಿಯುಸಿವರೆಗೆ ಕುಣಿಗಲ್‌ನಲ್ಲಿ ವಿಜ್ಞಾನ ಓದಿ, ತುಮಕೂರಿಗೆ ಬಂದು ನರ್ಸಿಂಗ್ ಕಲಿತು, ಶಿರಾ ಗೇಟ್ ಬಳಿಯ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದರು. ಡಾಕ್ಟರ್ ಗುರುಪ್ರಸಾದ್ ಏಳು ವರ್ಷದ ಹಿಂದೆ ವಯಸ್ಸಾದವರಿಗೆಂದೇ ಸುರಗಿ ಶುರು ಮಾಡಿದಾಗ ಇಲ್ಲಿಗೆ ಬಂದರು. ಮೂಳೆ ಮುರಿದವರು, ಪಾರ್ಶ್ವವಾಯು ಹೊಡೆದು ಚೇತರಿಸಿಕೊಳ್ಳುತ್ತಿರುವವರು, ದಿನವೂ ನರ್ಸ್ ಬೇಕಾದವರು ಇಲ್ಲಿರುತ್ತಾರೆ. ಕೆಳಗೆ ಹನ್ನೆರಡು ಹಾಸಿಗೆ, ಮಹಡಿಯಲ್ಲಿ ಎಂಟು. ಮೂರು ವರ್ಷದಿಂದ ಸರ್ಕಾರದ ನಿಯಮಗಳೆಲ್ಲ ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡುವ ಹೊಣೆ ಪ್ರೇಮಲತಾ ಅವರದು. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಕಂಪ್ಲಯನ್ಸ್ ಇನ್‌ಚಾರ್ಜ್’ ಎಂದಿದೆ. ಮಹಡಿಯವರು ಕರೆಯುವುದು ‘ರೂಲ್ಸ್ ಪ್ರೇಮಾ’ ಎಂದು.

ಈ ಕೆಲಸ ಅನೇಕ ಕಡೆ ಹೇಗೆ ನಡೆಯುತ್ತದೆ ಎಂಬುದನ್ನು ಅವರು ಕಂಡಿದ್ದರು. ತಪಾಸಣೆಯ ಹಿಂದಿನ ದಿನ ಆರು ತಿಂಗಳ ರಿಜಿಸ್ಟರನ್ನು ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ಕೂತು ತುಂಬುತ್ತಾರೆ. ಈ ಹೊಣೆ ಹೊತ್ತ ಮೊದಲ ವರ್ಷ ಎರಡು ವಾರ ಫ್ರಿಜ್ಜಿನ ಉಷ್ಣಾಂಶ ನೋಡುವುದು ಬಿಟ್ಟುಹೋಗಿತ್ತು. “ತುಂಬಿಬಿಡಿ ಸಿಸ್ಟರ್, ಫ್ರಿಜ್ ಏನು ಓಡಿ ಹೋಗಿರ್ಲಿಲ್ವಲ್ಲ” ಎಂದರು ಡಾಕ್ಟರ್. ಪ್ರೇಮಲತಾ ಹದಿನಾಲ್ಕು ಸಾಲಿನಲ್ಲೂ ‘ನೋಡಿಲ್ಲ’ ಎಂದು ಬರೆದರು. ತಪಾಸಣೆಗೆ ಬಂದ ಅಧಿಕಾರಿ ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಂತು, ಉಳಿದ ಪುಟಗಳನ್ನು ಬೇಗ ಬೇಗ ತಿರುಗಿಸಿದರು. ಸುಳ್ಳು ಇಲ್ಲದ ಪುಸ್ತಕವನ್ನು ಓದಲು ಸಮಯ ಬೇಡ ಎಂದು ಡಾಕ್ಟರಿಗೆ ಅವತ್ತು ಗೊತ್ತಾಯಿತು.

ಮನೆಯಲ್ಲೂ ಇದೇ ರೀತಿ. ಗಂಡ ನಾಗೇಶ್ ಬಿದರೆಹಳ್ಳಿ ಕಾವಲ್ ಫ್ಯಾಕ್ಟರಿಗೆ ಜನರನ್ನು ಕರೆದೊಯ್ಯುವ ಬಸ್ಸಿನ ಡ್ರೈವರು. ದೋಸೆ ಹಿಟ್ಟಿನ ಡಬ್ಬಿಯ ಮೇಲೆ ತಾರೀಖು ಅಂಟಿಸಿದ್ದನ್ನು ನೋಡಿ, “ಏನೇ, ನಾನು ಯಾವತ್ತು ಎಕ್ಸ್‌ಪೈರಿ ಅಂತಲೂ ಬೆನ್ನಿಗೆ ಅಂಟಿಸಿಬಿಡು” ಎನ್ನುತ್ತಾರೆ.

ಹೋದ ವರ್ಷ ಫೆಬ್ರುವರಿಯಲ್ಲಿ ತಪಾಸಣೆಗೆ ಬಂದವರು ಶ್ರೀರಂಜನಿ ಎಂಬ ಅಧಿಕಾರಿ. ಮಾತು ಕಡಿಮೆ, ನಡೆಯುವುದು ಹೆಚ್ಚು. ನೀರು, ಔಷಧಿ, ಕಸದ ಬಣ್ಣದ ಚೀಲಗಳು, ಅಡುಗೆಮನೆ ಎಲ್ಲ ನೋಡಿದರು. ಎಲ್ಲೂ ತಪ್ಪಿಲ್ಲ. ಮಹಡಿಗೆ ಹೋಗಿ ಮೆಟ್ಟಿಲು ಎಣಿಸಿದರು, ಕಟ್ಟಡದ ಹಿಂದಿನ ರ್‍ಯಾಂಪಿನಲ್ಲಿ ತಾವೇ ಇಳಿದು ನೋಡಿದರು. ಕೆಳಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ.

“ಮೇಲೆ ಎಂಟು ಜನ ಇದಾರೆ. ಬೆಂಕಿ ಬಿದ್ರೆ ಎಷ್ಟು ಹೊತ್ತಲ್ಲಿ ಇಳಿಸ್ತೀರಿ?”

ಡಾಕ್ಟರು “ಹತ್ತು ನಿಮಿಷ ಸಾಕು ಮೇಡಂ” ಎಂದರು.

“ನೀವು ಹೇಳಿ ಪ್ರೇಮಲತಾ ಅವರೇ.”

“ಗೊತ್ತಿಲ್ಲ ಮೇಡಂ. ಇನ್ನೂ ಅಳೆದಿಲ್ಲ.”

ಶ್ರೀರಂಜನಿ ಅದನ್ನೇ ಬರೆದುಕೊಂಡರು. ಎರಡು ತಿಂಗಳೊಳಗೆ ಹೇಳದೆ ಒಂದು ದಿನ ಬರುತ್ತೇನೆ, ಗಂಟೆ ಬಾರಿಸುತ್ತೇನೆ, ಡಾಕ್ಟರು ಹೇಳಿದ ಹತ್ತು ನಿಮಿಷದಲ್ಲಿ ಎಂಟೂ ಜನ ಕಾಂಪೌಂಡಿನ ಹೊಂಗೆ ಮರದ ಕೆಳಗೆ ಇರಬೇಕು, ಇಲ್ಲದಿದ್ದರೆ ಮಹಡಿ ಖಾಲಿ ಮಾಡಿಸಬೇಕಾಗುತ್ತದೆ ಎಂದು ಹೇಳಿ ಹೊರಟರು.

ಕೆಳಗೆ ಒಂದು ಹಾಸಿಗೆಯೂ ಖಾಲಿ ಇರಲಿಲ್ಲ. ಮಹಡಿ ಮುಚ್ಚಿದರೆ ಎಂಟು ಜನ ಎಂಟು ಕಡೆ ಹೋಗಬೇಕು. ಸುದ್ದಿ ಮೊದಲು ಮುಟ್ಟಿದ್ದು ಹನುಮಕ್ಕನಿಗೆ. ಗುಬ್ಬಿ ಕಡೆಯ ತೆಂಗಿನ ತೋಟದ ಮನೆಯವರು, ಎಪ್ಪತ್ತೆಂಟು ವರ್ಷ. ಸೊಂಟದ ಮೂಳೆ ಮುರಿದು ಆರು ವಾರಕ್ಕೆಂದು ಬಂದು ನಾಲ್ಕು ವರ್ಷವಾಗಿತ್ತು. ಮಗ ಪ್ರತಿ ಭಾನುವಾರ ಎಳನೀರು ತಂದು “ಮನೆಗೆ ಬಾರವ್ವ” ಎಂದು ಅಂಗಲಾಚುತ್ತಿದ್ದ. “ಅಲ್ಲಿ ಚೌಕಾಬಾರ ಆಡಕ್ಕೆ ಯಾರವ್ರಲಾ? ಕಾಯಿ ಸುಲಿಯೋರು ಆಡ್ತಾರಾ?” ಎಂದು ಅವನನ್ನೇ ವಾಪಸ್ ಕಳಿಸುತ್ತಿದ್ದರು. ಚೌಕಾಬಾರದ ಜೊತೆಗಾತಿ ಅದೇ ಕೋಣೆಯ ಕಮಲಾಕ್ಷಮ್ಮ, ತುಮಕೂರಿನ ಪೇಟೆಯವರು. ಎಡಗಾಲಿಗೆ ಬಲವಿಲ್ಲದೆ ಗಾಲಿಕುರ್ಚಿ ಹಿಡಿದವರು. ಮಹಡಿ ಮುಚ್ಚಿದರೆ ಹನುಮಕ್ಕ ತೋಟಕ್ಕೆ, ಕಮಲಾಕ್ಷಮ್ಮ ಮಗಳ ಮನೆಗೆ, ಮೈಸೂರಿಗೆ.

“ನಮ್ಮನ್ನ ಬೇರೆ ಮಾಡಿಬಿಡ್ತೀರೇನೇ ಪ್ರೇಮಾ?” ಎಂದು ಕಮಲಾಕ್ಷಮ್ಮ ಕೇಳಿದಾಗ ಪ್ರೇಮಲತಾ ಧೈರ್ಯದ ಮಾತು ಹೇಳಲಿಲ್ಲ. “ಮೊದಲು ಅಳೀತೀನಿ ಅಮ್ಮ” ಎಂದರು.

ಅಳೆಯುವ ಮೊದಲ ದಿನವನ್ನು ಒಂದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಗೊತ್ತು ಮಾಡಿ, ಎಲ್ಲರಿಗೂ ತಿಳಿಸಿದರು. ಹನ್ನೊಂದಕ್ಕೆ ಗಂಟೆ ಬಾರಿಸಲು ಹೊರಟಾಗ ಮಹಡಿ ಖಾಲಿ. ಎಂಟೂ ಜನ ಒಂಬತ್ತಕ್ಕೇ ತಿಂಡಿ ಮುಗಿಸಿ, ಮಾತ್ರೆ ಡಬ್ಬಿ, ನೀರಿನ ಬಾಟಲಿ ಹಿಡಿದು, ಹೆಂಗಸರು ಮಡಿಕೆ ಮುರಿಯದ ಸೀರೆ ಉಟ್ಟು, ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಸ್ಸಿಗೆ ಕಾಯುವವರ ಹಾಗೆ.

“ಯಾಕ್ ಇಷ್ಟು ಬೇಗ ಇಳಿದ್ರಿ?”

“ಹತ್ತು ನಿಮಿಷ ಮೀರಬಾರದು ಅಂದ್ಯಲ್ಲವ್ವ,” ಎಂದರು ಹನುಮಕ್ಕ. “ನಾವು ಎರಡು ಗಂಟೆ ಮುಂಚೆನೇ ಬಂದಿದೀವಿ. ಬರ್ಕೋ.”

ಪ್ರೇಮಲತಾ ರಿಜಿಸ್ಟರಿನಲ್ಲಿ ಬರೆದದ್ದು: ‘ಅಳೆಯಲು ಆಗಲಿಲ್ಲ. ಇಳಿಸಲು ಮೇಲೆ ಯಾರೂ ಇರಲಿಲ್ಲ.’

ಎರಡನೆಯ ಸಲ ಯಾರಿಗೂ ಹೇಳಲಿಲ್ಲ. ಶುಕ್ರವಾರ ಹತ್ತೂ ಮುಕ್ಕಾಲಿಗೆ ಗಂಟೆ ಬಾರಿಸಿ ಗಡಿಯಾರ ಒತ್ತಿದರು. ಎರಡು ನಿಮಿಷವಾಯಿತು, ಮೂರಾಯಿತು, ಮೆಟ್ಟಿಲ ಮೇಲೆ ಒಂದು ಹೆಜ್ಜೆಯೂ ಕೇಳಲಿಲ್ಲ. ಮೇಲೆ ಹೋಗಿ ನೋಡಿದರೆ ಮೆಟ್ಟಿಲ ತುದಿಯಲ್ಲಿ ವೆಂಕಟೇಶಯ್ಯ ನಿಂತಿದ್ದರು. ಎಂಬತ್ತೆರಡು ವರ್ಷದ ನಿವೃತ್ತ ಗಣಿತದ ಮೇಷ್ಟ್ರು. ಕೈಯಲ್ಲಿ ಗೋಡೆಯಿಂದ ಕಿತ್ತು ತಂದ ಕ್ಯಾಲೆಂಡರು. ಅವರ ಹಿಂದೆ ಉಳಿದವರು.

“ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ನೋಡಮ್ಮ.”

“ಮೇಷ್ಟ್ರೇ, ಬೆಂಕಿಗೆ ರಾಹುಕಾಲ ಗೊತ್ತಿರಲ್ಲ.”

“ಅದಕ್ಕೆ ಗೊತ್ತಿಲ್ಲ, ನಮಗೆ ಗೊತ್ತಿದೆಯಲ್ಲ! ಗೊತ್ತಿದ್ದೂ ಹೊಸ್ತಿಲು ದಾಟೋದು ಹೇಗೆ?”

“ಹನ್ನೆರಡು ಗಂಟೆವರೆಗೆ ಸುಟ್ಕೊಂಡು ಕೂತಿರ್ತೀರಾ?”

“ಈಗ ಬೆಂಕಿ ಬಿದ್ದಿದೆಯೇನು?”

“ಇಲ್ಲ.”

“ಮತ್ತೆ ಅವಸರ ಏನು?”

ವಾರ್ಡಿನ ಸಹಾಯಕ ಮೋಹನ್‌ಕುಮಾರ್ ಬೇಡಿಕೊಂಡು ಒಬ್ಬೊಬ್ಬರನ್ನೇ ಇಳಿಸುವ ಹೊತ್ತಿಗೆ ಇಪ್ಪತ್ತೇಳು ನಿಮಿಷ. ಅದರಲ್ಲೂ ವೆಂಕಟೇಶಯ್ಯ ಕೊನೆಯ ಮೆಟ್ಟಿಲಲ್ಲೇ ನಿಂತರು.

ಡಾಕ್ಟರು ಕೈಚೆಲ್ಲಿದರು. “ಸಿಸ್ಟರ್, ಆ ಮೇಡಂ ರಾಹುಕಾಲ ಬಿಟ್ಟು ಬರ್ಲಿ ಅಂತ ದೇವರಿಗೆ ಕೈ ಮುಗಿಯೋಣ.”

ಪ್ರೇಮಲತಾ ಕೈ ಮುಗಿಯಲಿಲ್ಲ, ಲೆಕ್ಕ ಹಾಕಿದರು. ಹಗಲಿನ ಹನ್ನೆರಡು ಗಂಟೆಯಲ್ಲಿ ರಾಹುಕಾಲ ಒಂದೂವರೆ ಗಂಟೆ. ಅಂದರೆ ಎಂಟರಲ್ಲಿ ಒಂದು ಪಾಲು. ಎಂಟರಲ್ಲಿ ಒಂದು ಸಲ ಎಂಟು ಜನ ಒಳಗೇ ಉಳಿಯುವುದು ಅವರಿಗೆ ಸಣ್ಣ ಅಂಕಿಯಾಗಿ ಕಾಣಲಿಲ್ಲ. ವಯಸ್ಸಾದವರ ನಂಬಿಕೆಯನ್ನು ತಿದ್ದಲು ಎರಡು ತಿಂಗಳು ಸಾಲದು ಎಂಬುದೂ ಗೊತ್ತಿತ್ತು. ಹಾಗಾಗಿ ಬೇರೆ ಪ್ರಶ್ನೆ ಹಿಡಿದರು. ಇವರೆಲ್ಲ ಬದುಕಿನಲ್ಲಿ ಒಮ್ಮೆಯೂ ರಾಹುಕಾಲದಲ್ಲಿ ಮನೆ ಬಿಟ್ಟಿಲ್ಲವೇ? ಬಿಟ್ಟಿದ್ದರೆ ಹೇಗೆ ಬಿಟ್ಟರು?

ಕೋಣೆಯಿಂದ ಕೋಣೆಗೆ ಹೋಗಿ ಕೇಳಿದರು. ಉತ್ತರ ಸಿಕ್ಕಿದ್ದು ಹನುಮಕ್ಕನಲ್ಲಿ.

“ಅಯ್ಯೋ, ಬುಡು. ತಿಪಟೂರು ಬಸ್ಸು ನಮ್ಮ ರಾಹುಕಾಲ ಕೇಳ್ಕೊಂಡ್ ಬರ್ತಿತ್ತಾ? ನಮ್ಮತ್ತೆ ಹಿಂದಿನ ದಿನನೇ ಒಳ್ಳೆ ಹೊತ್ತು ನೋಡಿ, ಒಂದು ಬಟ್ಟೆ ಗಂಟು ಪಕ್ಕದ ಮನೆ ಜಗಲಿ ಮೇಲೆ ಇಟ್ಟು ಬರೋರು. ಗಂಟು ಹೊರಟ್ರೆ ನಾವು ಹೊರಟಂಗೇ. ಆಮೇಲೆ ಯಾವಾಗ ಬೇಕಾದ್ರೂ ಹೋಗಬೌದು.”

“ಇದಕ್ಕೇನಂತಾರೆ ಅಜ್ಜಿ?”

“ಪ್ರಸ್ಥಾನ ಇಡೋದು ಅಂತಾರೆ. ಹಳ್ಳೀಲಿ ಹುಟ್ಟಿ ಇಷ್ಟೂ ಗೊತ್ತಿಲ್ವೇನವ್ವ ನಿಂಗೆ?”

ಪ್ರೇಮಲತಾ ನೇರ ವೆಂಕಟೇಶಯ್ಯನವರ ಹತ್ತಿರ ಹೋದರು. ಪ್ರಸ್ಥಾನ ಇಟ್ಟ ಗಂಟಿಗೆ ಇಷ್ಟೇ ದಿನ ಅಂತ ಅವಧಿ ಇದೆಯೇ ಎಂದು ಕೇಳಿದರು. ಮೇಷ್ಟ್ರು ಕನ್ನಡಕ ಒರೆಸಿ ಯೋಚಿಸಿದರು. ಕೆಲವರು ಮೂರು ದಿನ ಅನ್ನುತ್ತಾರೆ, ಕೆಲವರು ಒಂದು ವಾರ ಅನ್ನುತ್ತಾರೆ ಎಂದರು.

“ಹಾಗಾದ್ರೆ ಮೂರು ದಿನಕ್ಕೊಮ್ಮೆ ಗಂಟು ತೆಗೆದು ಮತ್ತೆ ಇಟ್ರೆ?”

ಮೇಷ್ಟ್ರ ಮುಖದಲ್ಲಿ ನಗು ಬಂತು. “ಆಗ ನಾವು ಯಾವಾಗಲೂ ಹೊರಟೇ ಇರ್ತೀವಮ್ಮ. ಬೆಂಕಿ ಬಿದ್ದಾಗ ಮಾಡೋದು ಬರೀ ಮುಂದುವರಿಕೆ.”

ಇದರಲ್ಲಿ ಪ್ರೇಮಲತಾಗೆ ಇನ್ನೊಂದು ಲಾಭ ಕಂಡಿತ್ತು. ಎರಡನೆಯ ಸಲ ಇಳಿಸುವಾಗ ಅವರು ಒಬ್ಬೊಬ್ಬರ ಸಮಯವನ್ನೂ ಬೇರೆ ಬೇರೆ ಬರೆದಿದ್ದರು. ರಾಹುಕಾಲದ ವಾದ ಬಿಟ್ಟರೂ, ತಲಾ ಎರಡು ಮೂರು ನಿಮಿಷ ಕನ್ನಡಕ, ಮಾತ್ರೆ, ಶಾಲು ಹುಡುಕಲು ಹೋಗಿತ್ತು. ಅವೇ ವಸ್ತುಗಳು ಮೊದಲೇ ಕೆಳಗಿದ್ದರೆ? ಹೊಂಗೆ ಮರದ ಪಕ್ಕ ಗೋಡೆಗೆ ಒಂದು ಕಬ್ಬಿಣದ ಬೀರು ಹಾಕಿಸಿದರು. ಅದರಲ್ಲಿ ಎಂಟು ಗಂಟು. ಒಂದೊಂದರಲ್ಲೂ ಒಂದು ದಿನದ ಮಾತ್ರೆ, ಹಳೆಯ ಕನ್ನಡಕ, ಶಾಲು, ಔಷಧಿ ಪಟ್ಟಿಯ ಪ್ರತಿ, ಮನೆಯವರ ಫೋನ್ ನಂಬರು. ಬಿಸಿಲಿಗೆ ಮಾತ್ರೆ ಕೆಡಬಾರದೆಂದು ಮೂರು ದಿನಕ್ಕೊಮ್ಮೆ ಬದಲಿಸಬೇಕು ಎಂದು ಅವರೂ ನಿಯಮ ಬರೆದರು. ಮೇಷ್ಟ್ರ ಪಂಚಾಂಗ, ಪ್ರೇಮಲತಾ ಅವರ ರಿಜಿಸ್ಟರು ಎರಡೂ ಒಂದೇ ದಿನಕ್ಕೆ ಒಪ್ಪಿದವು.

ಗಂಟು ಇಟ್ಟ ದಿನ ಮದುವೆ ಮನೆಯ ಗದ್ದಲ. ಗಂಟಿಗೆ ಏನೇನು ಹಾಕಬಹುದು ಎಂಬ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ನಡೆಯಿತು. ಹನುಮಕ್ಕ ಚಕ್ಕುಲಿ ಹಾಕಲು ನೋಡಿದರು. ಇರುವೆ ಬರುತ್ತದೆಂದು ಪ್ರೇಮಲತಾ ತೆಗೆದರು. “ಬೆಂಕಿ ಬಿದ್ದಾಗ ಹಸಿವಾಗಲ್ವೇನೇ?” ಎಂಬ ಪ್ರಶ್ನೆಗೆ ಡಬ್ಬಿಯ ಮುಚ್ಚಳ ಬಿಗಿ ಇದ್ದರೆ ಆಗಬಹುದು ಎಂಬ ರಾಜಿಯಾಯಿತು. ವೆಂಕಟೇಶಯ್ಯ ಹೇಳಿದ ಹೊತ್ತಿಗೆ ಸರಿಯಾಗಿ ಒಬ್ಬೊಬ್ಬರ ಗಂಟನ್ನೂ ಬೀರುವಿನಲ್ಲಿ ಇಟ್ಟರು. ಅಡುಗೆಯವರು ಕೇಳದೆಯೇ ಕೇಸರಿಬಾತ್ ಮಾಡಿದ್ದರು. ಸಕ್ಕರೆ ಕಾಯಿಲೆಯವರಿಗೆ ಎಷ್ಟು ಚಮಚ ಎಂಬುದನ್ನು ಮಾತ್ರ ಪ್ರೇಮಲತಾ ನಿಂತು ನೋಡಿಕೊಂಡರು.

ಮೂರನೆಯ ಸಲ ಹನ್ನೊಂದು ನಿಮಿಷ ನಲವತ್ತು ಸೆಕೆಂಡು. ಈ ಸಲ ತಡ ಎಲ್ಲಿ ಎಂದು ನೋಡಿದರೆ ರ್‍ಯಾಂಪಿನ ಬಾಗಿಲಲ್ಲಿ. ಕೋತಿ ಕಾಟಕ್ಕೆಂದು ಅದಕ್ಕೆ ಮೇಲೊಂದು ಕೆಳಗೊಂದು ಚಿಲಕ ಹಾಕಿದ್ದರು. ಬಿಚ್ಚಲು ಐವತ್ತು ಸೆಕೆಂಡು. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ, ಹೊರಗಿನಿಂದ ಕೋತಿಗೆ ಸಿಗದ ಒಂದೇ ಹಿಡಿಕೆ ಹಾಕಿಸಿದರು. ಉಳಿದ ಸಮಯ ಚಪ್ಪಲಿ ಮೆಟ್ಟುವುದರಲ್ಲಿ ಹೋಗುತ್ತಿತ್ತು. ಬಾರು ಇಲ್ಲದ ಚಪ್ಪಲಿ ಹಾಸಿಗೆ ಪಕ್ಕ ಬಂದವು. ನಾಲ್ಕನೆಯ ಸಲ ಒಂಬತ್ತು ಐವತ್ತು. ಪ್ರೇಮಲತಾಗೆ ಸಮಾಧಾನವಾಗಲಿಲ್ಲ. ಹತ್ತು ಸೆಕೆಂಡಿನ ಅಂತರ ಒಬ್ಬರು ಕೆಮ್ಮಿದರೆ ಮುಗಿಯಿತು.

ಏಪ್ರಿಲ್ ಎರಡನೇ ವಾರ, ಬುಧವಾರ, ಮಧ್ಯಾಹ್ನ ಹನ್ನೆರಡು ಹತ್ತು. ರಾಹುಕಾಲ ಶುರುವಾಗಿ ಹತ್ತು ನಿಮಿಷ. ಮಹಡಿಯಲ್ಲಿ ಮುದ್ದೆ, ಸೊಪ್ಪಿನ ಸಾರು ಬಡಿಸಿ ಆಗಷ್ಟೇ ಕೈ ಇಟ್ಟಿದ್ದರು. ಶ್ರೀರಂಜನಿ ಆಟೋದಿಂದ ಇಳಿದು, ಯಾರಿಗೂ ನಮಸ್ಕಾರ ಕೂಡ ಹೇಳದೆ ಗಂಟೆ ಒತ್ತಿ, ಹೊಂಗೆ ಮರದ ಕೆಳಗೆ ಹೋಗಿ ನಿಂತರು.

ಪ್ರೇಮಲತಾ ಪಟ್ಟಿ ಹಿಡಿದು ಮರದ ಹತ್ತಿರ ಓಡಿದರು. ಎಣಿಸುವವರು ಮರ ಬಿಟ್ಟು ಕದಲಬಾರದು, ಒಮ್ಮೆ ಹೊರಬಂದವರು ಮತ್ತೆ ಒಳಗೆ ಹೋಗಬಾರದು. ಈ ಎರಡು ನಿಯಮ ಬರೆದವರೂ ಅವರೇ.

ಎರಡೂವರೆ ನಿಮಿಷಕ್ಕೆ ಮೊದಲು ಬಂದವರು ವೆಂಕಟೇಶಯ್ಯ. ಬಲಗೈ ತುಂಬ ಮುದ್ದೆ, ಎಡಗೈಯಲ್ಲಿ ಕೋಲು. “ರಾಹುಕಾಲ ಸರ್!” ಎಂದು ಡಾಕ್ಟರು ಕೆಣಕಿದರು. “ನಾವು ಸೋಮವಾರ ಬೆಳಗ್ಗೆ ಒಂಬತ್ತೂ ಕಾಲಿಗೇ ಹೊರಟಾಯ್ತು,” ಎಂದು ಮೇಷ್ಟ್ರು ಗಂಭೀರವಾಗಿ ಉತ್ತರಿಸಿದರು. ಅವರ ಹಿಂದೆ ನಾಲ್ವರು. ಮೋಹನ್‌ಕುಮಾರ್ ರ್‍ಯಾಂಪಿನಿಂದ ಕಮಲಾಕ್ಷಮ್ಮನ ಕುರ್ಚಿ ಇಳಿಸಿಕೊಂಡು ಬಂದ. ಇನ್ನೊಂದು ಕುರ್ಚಿಯೂ ಬಂತು. ಎಂಟು ನಿಮಿಷ ಐದು ಸೆಕೆಂಡಿಗೆ ಏಳು ಜನ.

ಹನುಮಕ್ಕ ಇಲ್ಲ.

“ನನ್ನ ಹಿಂದೆನೇ ವಾಕರ್ ಹಿಡ್ಕೊಂಡು ಬರ್ತಿದ್ಲು,” ಎಂದರು ಕಮಲಾಕ್ಷಮ್ಮ, ಕುರ್ಚಿಯಲ್ಲೇ ಹಿಂದೆ ತಿರುಗಿ. “ಹನುಮೀ! ಎಲ್ಲಿ ಹೋದ್ಯೇ?”

ಮೋಹನ್‌ಕುಮಾರ್ ಓಡಲು ಹೊರಟ. ಪ್ರೇಮಲತಾ ತಡೆದರು. ಕಾಲು ಅವರದೂ ಒಳಗೆ ಎಳೆಯುತ್ತಿತ್ತು. ಶ್ರೀರಂಜನಿ ಗಡಿಯಾರ ನೋಡುವುದು ಬಿಟ್ಟು ಪ್ರೇಮಲತಾ ಮುಖ ನೋಡುತ್ತಿದ್ದರು. ಎಂಟು ನಲವತ್ತು. ಒಂಬತ್ತು.

ಕಟ್ಟಡದ ಹಿಂದಿನಿಂದ ದನಿ ಕೇಳಿತು.

“ಇಳಿಯೋ ಅಂದ್ರೆ ಟ್ಯಾಂಕು ತೊಳೀತೀನಿ ಅಂತಾನೆ! ಗಂಟೆ ಕೇಳ್ಲಿಲ್ವೇನ್ಲಾ? ಕಿವಿಗೆ ಏನ್ ಸಿಮೆಂಟ್ ಮೆತ್ಕೊಂಡಿದೀಯಾ? ನಡಿ, ನಡಿ!”

ರ್‍ಯಾಂಪಿನ ತಿರುವಿನಲ್ಲಿ ಹನುಮಕ್ಕನ ವಾಕರ್ ಕಾಣಿಸಿತು. ಅವರ ಮುಂದೆ, ಲುಂಗಿ ಎತ್ತಿ ಕಟ್ಟಿ, ಮೊಣಕಾಲವರೆಗೆ ಒದ್ದೆಯಾದ ಒಬ್ಬ ಮನುಷ್ಯ ಬೈಸಿಕೊಳ್ಳುತ್ತ ಬರುತ್ತಿದ್ದ. ತಾರಸಿಯ ನೀರಿನ ಟ್ಯಾಂಕಿನೊಳಗೆ ಕೂತು ತೊಳೆಯುತ್ತಿದ್ದ ಬೀರಯ್ಯ. ಅವನ ಚಪ್ಪಲಿ ತಾರಸಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದನ್ನು ಹನುಮಕ್ಕ ಇಳಿಯುವಾಗ ಕಂಡು, ಅಲ್ಲೇ ನಿಂತು ವಾಕರಿನಿಂದ ಕಬ್ಬಿಣದ ಕಂಬಿಗೆ ಬಡಿದು ಬಡಿದು ಅವನನ್ನು ಇಳಿಸಿದ್ದರು.

ಹನುಮಕ್ಕನ ವಾಕರ್ ಮರದ ನೆರಳು ಮುಟ್ಟಿದಾಗ ಒಂಬತ್ತು ನಿಮಿಷ ಮೂವತ್ತೆಂಟು ಸೆಕೆಂಡು.

“ಎಷ್ಟು ಜನ?” ಎಂದರು ಶ್ರೀರಂಜನಿ.

“ಒಂಬತ್ತು ಮೇಡಂ.”

“ಪಟ್ಟಿಯಲ್ಲಿ ಎಂಟು.”

ಡಾಕ್ಟರು ಕೆಮ್ಮಿದರು. ಪ್ರೇಮಲತಾ ಪಟ್ಟಿಯನ್ನು ಅಧಿಕಾರಿಯ ಕೈಗೇ ಕೊಟ್ಟರು. “ಟ್ಯಾಂಕ್ ತೊಳೆಯೋಕೆ ಬಂದವರು ಹಿಂದಿನ ಗೇಟಿಂದ ಬಂದಿದಾರೆ. ಅಲ್ಲಿ ಹೆಸರು ಬರೆಯೋ ವ್ಯವಸ್ಥೆ ನಾನು ಇಟ್ಟಿಲ್ಲ. ಅಜ್ಜಿ ನೋಡದೇ ಇದ್ದಿದ್ರೆ, ಎಂಟೂ ಜನ ಬಂದ್ರು ಅಂತ ಹೇಳಿ ನಾನು ಮುಗಿಸಿಬಿಡ್ತಿದ್ದೆ. ಇದು ನನ್ನ ತಪ್ಪು, ಬರ್ಕೊಳ್ಳಿ.”

ಶ್ರೀರಂಜನಿ ಬೀರುವಿನ ಬಾಗಿಲಿಗೆ ಒರಗಿ ಬಹಳ ಹೊತ್ತು ಬರೆದರು. ವೆಂಕಟೇಶಯ್ಯ ಅಂಗೈಯ ಮುದ್ದೆಯನ್ನೂ ಮರೆತು ನಿಂತಿದ್ದರು. ಕೊನೆಗೆ ಶ್ರೀರಂಜನಿ ಹಾಳೆ ಹರಿದು ಪ್ರೇಮಲತಾ ಕೈಗಿಟ್ಟರು. ಇಂಗ್ಲಿಷಿನಲ್ಲಿ ಆರು ಸಾಲು ಇತ್ತು.

“ಏನವ್ವ ಅದು? ನಮ್ಮ ಮಾತಲ್ಲಿ ಹೇಳು,” ಎಂದರು ಹನುಮಕ್ಕ. ಉಸಿರು ಇನ್ನೂ ಮೇಲೆ ಕೆಳಗೆ ಆಗುತ್ತಿತ್ತು.

“ಹಿಂದಿನ ಗೇಟಿಗೆ ಒಂದು ವಾರದಲ್ಲಿ ಪುಸ್ತಕ ಇಡಬೇಕಂತೆ.” ಪ್ರೇಮಲತಾ ಕೊನೆಯ ಸಾಲಿಗೆ ಬೆರಳಿಟ್ಟರು. “ಮಹಡಿ ನಡೆಸಬಹುದಂತೆ. ಎಂಟೂ ಜನ ಮೇಲೇ ಇರ್ತೀರಿ ಅಜ್ಜಿ.”

ಕೆಳಗಿನ ಹನ್ನೆರಡು ಹಾಸಿಗೆಯ ಕಿಟಕಿಗಳಿಂದಲೂ ಚಪ್ಪಾಳೆ ಬಂತು. ಕಮಲಾಕ್ಷಮ್ಮ ಹನುಮಕ್ಕನ ಸೆರಗು ಹಿಡಿದು ಎಳೆದು, “ಮುದುಕಿ, ಒಂಬತ್ತನೆಯವನನ್ನ ಹುಡುಕೋಕೆ ಹೋಗಿ ನನ್ನ ಮೈಸೂರಿಗೆ ಕಳಿಸ್ತಿದ್ದೆಯಲ್ಲೇ!” ಎಂದು ಬೈದು, ಅದೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಬೀರಯ್ಯ ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಎಲ್ಲರಿಗೂ ಮುಗಿದ.

ಮೋಹನ್‌ಕುಮಾರ್ ತಟ್ಟೆಗಳನ್ನು ಕೆಳಗೇ ತಂದ. ಸಾರು ಬಿಸಿ ಮಾಡಿ, ಹೊಸ ಮುದ್ದೆ ಕಟ್ಟಿ, ಮರದ ಕೆಳಗೇ ಊಟವಾಯಿತು. ಡ್ಯೂಟಿಯಲ್ಲಿದ್ದಾಗ ತಿನ್ನುವುದಿಲ್ಲ ಎಂದ ಶ್ರೀರಂಜನಿ, ಕಾಗದಕ್ಕೆ ಸಹಿ ಹಾಕಿ ಆಯ್ತಲ್ಲ ಎಂದು ಡಾಕ್ಟರು ನೆನಪಿಸಿದ ಮೇಲೆ ಅರ್ಧ ಮುದ್ದೆ ತಿಂದರು.

ಆಮೇಲೆ ಎಲ್ಲರೂ ಮೇಲೆ ಹೋಗಬೇಕಿತ್ತು. ಆತುರವೇ ಇರಲಿಲ್ಲ. ಕಮಲಾಕ್ಷಮ್ಮನ ಕುರ್ಚಿಯನ್ನು ಪ್ರೇಮಲತಾ ತಾವೇ ತಳ್ಳಿದರು. ರ್‍ಯಾಂಪು ಇಳಿಯುವಾಗ ಕಾಣದಷ್ಟು ಕಡಿದಾಗಿ ಹತ್ತುವಾಗ ಕಂಡಿತು. ಅರ್ಧದಲ್ಲಿ ನಿಂತು ಉಸಿರು ತೆಗೆದುಕೊಂಡಾಗ ಕಮಲಾಕ್ಷಮ್ಮ ಕತ್ತು ತಿರುಗಿಸಿದರು.

“ಇಳಿಸೋವಾಗ ಕುರಿಮಂದೆ ಓಡಿಸಿದ ಹಾಗೆ ಓಡಿಸ್ತೀಯ. ಹತ್ತಿಸೋವಾಗ ನೋಡು, ಹೆಜ್ಜೆಗೊಂದು ನಿಲ್ದಾಣ. ಇದಕ್ಕೂ ಒಂದು ರೂಲ್ಸ್ ಇದೆಯೇನೇ?”

ಪ್ರೇಮಲತಾಗೆ ನಗು ತಡೆಯಲಾಗಲಿಲ್ಲ. ನಗುತ್ತ ತಳ್ಳಲು ಬಲ ಬರಲಿಲ್ಲ. ಹಿಂದೆ ಬರುತ್ತಿದ್ದ ಹನುಮಕ್ಕ ವಾಕರನ್ನು ಗೋಡೆಗೆ ಒರಗಿಸಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಕುರ್ಚಿಗೆ ಕೊಟ್ಟು, “ಹೂಂ, ನೂಕವ್ವ” ಎಂದರು.